ಸತ್ತ ದನ, ರಣಹದ್ದು ಮತ್ತು ನಮ್ಮ ಕೇರಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಕೃಷ್ಣೆ, ದೂಧಗಂಗೆ, ವೇದಗಂಗೆಯರ ನೀರು ಕುಡಿಯುವ ಈ ಸೀಮೆಯ ಇತಿಹಾಸ ಬರೆದವರಿಗೆ ಕೊರತೆಯಿಲ್ಲ. ದೇಸಗತಿಗಳ ಬಗ್ಗೆ ಬರೆದರು. ಮಠಗಳ ಬಗ್ಗೆ ಬರೆದರು. ಗಡಿ ಜಗಳದ ಬಗ್ಗೆ ಎರಡೂ ಭಾಷೆಯಲ್ಲಿ ರೀಮುಗಟ್ಟಲೆ ಬರೆದರು. ನಿಪ್ಪಾಣಿಯ ತಂಬಾಕಿನ ಪೇಟೆ, ಉಗಾರದ ಸಕ್ಕರೆ ಕಾರ್ಖಾನೆ ಎಲ್ಲಕ್ಕೂ ಪುಸ್ತಕದಲ್ಲಿ ಜಾಗ ಸಿಕ್ಕಿದೆ. ಊರಿನ ಹೊರಗೆ, ನಮ್ಮ ಕೇರಿಯನ್ನೂ ದಾಟಿ ಆಚೆಗೆ, ಒಂದು ತುಂಡು ಬಯಲು ಇರುತ್ತಿತ್ತು. ಸತ್ತ ದನ ಎಳೆದು ಹಾಕುವ ಬಯಲು. ಆ ಬಯಲಿನ ಇತಿಹಾಸ ಮಾತ್ರ ಯಾರೂ ಬರೆಯಲಿಲ್ಲ. ಬರೆಯಬೇಕಾದವರು ಮೂಗು ಮುಚ್ಚಿಕೊಂಡು ಆ ದಾರಿ ಬಿಟ್ಟು ಬೇರೆ ದಾರಿ ಹಿಡಿದು ಹೋದವರು. ಬರೆಯಲು ಗೊತ್ತಿದ್ದವರಿಗೆ ಅಲ್ಲಿ ಕೆಲಸವಿರಲಿಲ್ಲ, ಅಲ್ಲಿ ಕೆಲಸವಿದ್ದವರಿಗೆ ಅಕ್ಷರ ಕೊಟ್ಟಿರಲಿಲ್ಲ.

ಆ ಬಯಲಿಗೆ ಇಬ್ಬರು ಬರುತ್ತಿದ್ದರು. ಒಬ್ಬರು ನಾವು. ಇನ್ನೊಬ್ಬರು ರಣಹದ್ದುಗಳು. ನಮ್ಮ ಗಡಿಯ ಮರಾಠಿಯಲ್ಲಿ ಗಿಧಾಡ ಅಂತಾರಲ್ಲ, ಅವು. ಇವತ್ತು ಆ ಹಕ್ಕಿ ಇಲ್ಲ. ಈ ಐದು ತಾಲೂಕಿನ ಯಾವ ಶಾಲೆಗೆ ಹೋಗಿ ಕೇಳಿದರೂ ಮಕ್ಕಳು ರಣಹದ್ದನ್ನು ಚಿತ್ರದಲ್ಲಿ ನೋಡಿರುತ್ತಾರೆ, ಮುಗಿಲಲ್ಲಿ ನೋಡಿರುವುದಿಲ್ಲ. ಅದು ಹೇಗೆ ಸತ್ತಿತು, ಯಾರ ವಿಷಕ್ಕೆ ಸತ್ತಿತು, ಅದು ಸತ್ತ ಮೇಲೆ ಅದರ ಪಾಲಿನ ಕೆಲಸ, ಅದರ ಪಾಲಿನ ರೋಗ ಯಾರ ಮೈಮೇಲೆ ಬಂತು ಎಂಬುದನ್ನು ನಾವು ಇಲ್ಲಿ ಬರೆದಿಡಬೇಕೆಂದಿದ್ದೇವೆ. ಹಕ್ಕಿಯ ಕತೆ ದಲಿತ ಪತ್ರಿಕೆಯಲ್ಲಿ ಯಾಕೆ ಎಂದು ಕೇಳುವ ಗೆಳೆಯರು ಕೊನೆಯವರೆಗೂ ಓದಲಿ.

೧

ಮೊದಲು ಸತ್ತ ದನದ ಕತೆ.

ಮುಂಬಯಿ ಇಲಾಖೆಯಲ್ಲಿದ್ದ ಈ ಸೀಮೆಯಲ್ಲಿ ಹೊಲೆಯರು, ಮಹಾರರು ಊರಿನ ವತನದಾರರು. ವತನದಾರ ಎಂದರೆ ದೊಡ್ಡ ಹೆಸರು. ಗೌಡನೂ ವತನದಾರ, ಕುಲಕರ್ಣಿಯೂ ವತನದಾರ. ಆದರೆ ಗೌಡನ ವತನಕ್ಕೂ ನಮ್ಮ ವತನಕ್ಕೂ ಆಕಾಶ ಪಾತಾಳ. ನಮ್ಮ ವತನ ಅಂದರೆ ಸರಕಾರಿ ಟಪಾಲು ಹೊರುವುದು, ಸಾಹೇಬರ ಕುದುರೆಯ ಮುಂದೆ ಓಡುವುದು, ಗಡಿಕಲ್ಲು ತೋರಿಸುವುದು, ಸಾವಿನ ಸುದ್ದಿ ಹೊತ್ತು ಊರೂರು ತಿರುಗುವುದು, ಸತ್ತ ದನ ಎಳೆಯುವುದು. ಹಗಲು ರಾತ್ರಿ ಇಲ್ಲ, ಮಳೆ ಚಳಿ ಇಲ್ಲ. ೧೮೭೪ರ ಮುಂಬಯಿ ವಂಶಪರಂಪರೆ ಹುದ್ದೆಗಳ ಕಾಯ್ದೆ ಈ ಬಿಟ್ಟಿ ಚಾಕರಿಗೆ ಬ್ರಿಟಿಷರ ಮುದ್ರೆಯನ್ನೂ ಒತ್ತಿತು. ಇದಕ್ಕೆ ಪ್ರತಿಯಾಗಿ ಒಂದು ತುಂಡು ಭೂಮಿ, ಸುಗ್ಗಿಯಲ್ಲಿ ಆಯ, ದಿನಕ್ಕೆ ತಂಗಳು ರೊಟ್ಟಿ. ಮರಾಠಿ ನಾಡಿನಲ್ಲಿ ಆ ಭೂಮಿಗೆ ಹಾಡಕಿ, ಹಾಡವಳಾ ಅನ್ನುತ್ತಿದ್ದರು. ಹಾಡ ಎಂದರೆ ಎಲುಬು. ಎಲುಬಿನ ಹೆಸರು ಹೊತ್ತ ಹೊಲ! ಜಗತ್ತಿನ ಇನ್ನಾವ ದೇಶದಲ್ಲಿ ರೈತನ ಭೂಮಿಗೆ ಇಂಥ ಹೆಸರಿದ್ದೀತು?

ದನ ಬದುಕಿರುವಾಗ ಅದು ಲಕ್ಷ್ಮಿ. ಹಾಲು ಅವರದು, ತುಪ್ಪ ಅವರದು, ಸೆಗಣಿಯೂ ಅವರದು. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿದು ಮೆರವಣಿಗೆ ಮಾಡುವಾಗ ನಾವು ದೂರ ನಿಂತು ಹಲಗೆ ಬಡಿಯಬೇಕು. ಅದೇ ಎತ್ತು ಕಾಲು ಚಾಚಿ ಬಿತ್ತೋ, ಆ ಗಳಿಗೆಯಿಂದ ಅದು ನಮ್ಮದು. ಕೇರಿಯ ಬಾಯಿಗೆ ಬಂದು ನಿಂತು, 'ಏ ಯಾರದೀರೋ ಒಳಗ, ಎಮ್ಮಿ ಸತ್ತೈತಿ, ಎಳಕೊಂಡು ಹೋಗ್ರೋ' ಎಂದು ಕೂಗಿದರೆ ಉಣ್ಣುವವನು ಗಂಗಾಳ ಬಿಟ್ಟು ಏಳಬೇಕು. ಮುದುಕನಾದರೂ ಏಕವಚನವೇ. ಮಂದಿ ಹಗ್ಗ ಕಟ್ಟಿ ಎಳೆದುಕೊಂಡು ಬಯಲಿಗೆ ಹೋಗಬೇಕು. ಅಲ್ಲಿ ತೊಗಲು ಸುಲಿಯಬೇಕು. ತೊಗಲು ಢೋರರ ಕೈಗೆ ಹೋಗಿ ಜಾಲಿ ತೊಗಟೆ, ಅಳಲೆಕಾಯಿಯ ನೀರಿನಲ್ಲಿ ನೆನೆದು ಹದವಾಗುತ್ತಿತ್ತು. ಅಲ್ಲಿಂದ ಸಮಗಾರರ ಕೈಗೆ ಹೋಗಿ, ಒಂದು ಮೊಳೆಯೂ ಇಲ್ಲದೆ ತೊಗಲಿನ ದಾರದಲ್ಲೇ ಹೊಲಿದ ಚಪ್ಪಲಿಯಾಗುತ್ತಿತ್ತು. ಅಥಣಿಯಲ್ಲಿ, ನಿಪ್ಪಾಣಿಯಲ್ಲಿ ಮಾಡಿದ ಆ ಚಪ್ಪಲಿಗೆ ಪೇಟೆಯಲ್ಲಿ ಕೊಲ್ಹಾಪುರಿ ಎಂದು ಹೆಸರು. ೨೦೧೯ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳ ಹೆಸರೂ ಸೇರಿತು. ೨೦೨೫ರಲ್ಲಿ ಇಟಲಿಯ ಪ್ರಾಡಾ ಕಂಪನಿ ಅದೇ ನಮೂನೆಯನ್ನು ಮಿಲಾನಿನ ವೇದಿಕೆಯ ಮೇಲೆ ನಡೆಸಿತು. ಮೊದಲು ಹೆಸರು ಹೇಳಲಿಲ್ಲ, ಗಲಾಟೆಯಾದ ಮೇಲೆ ಹೇಳಿತು. ಆ ಚಪ್ಪಲಿಯ ಮೊದಲ ತುದಿ ಎಲ್ಲಿದೆ ಎಂದರೆ ನಾವು ಹೇಳುತ್ತಿರುವ ಈ ಬಯಲಿನಲ್ಲಿದೆ.

ನಾವು ತೊಗಲು ಬಿಡಿಸಿಕೊಂಡು ಹಿಂದೆ ಸರಿದ ಕೂಡಲೇ ಅವು ಇಳಿಯುತ್ತಿದ್ದವು. ಅಷ್ಟೊತ್ತು ಎಲ್ಲಿದ್ದವೋ, ಮುಗಿಲ ತುಂಬ ಚುಕ್ಕಿ ಚುಕ್ಕಿ. ಒಂದು ಇಳಿದರೆ ಹತ್ತು, ಹತ್ತರ ಹಿಂದೆ ಐವತ್ತು. ಬೋಳು ಕುತ್ತಿಗೆ, ಬಾಗಿದ ಬೆನ್ನು. ಹೋರಿಯಂಥ ಹೋರಿಯನ್ನೂ ಮುಕ್ಕಾಲು ತಾಸಿನಲ್ಲಿ ಎಲುಬಿನ ಗೂಡು ಮಾಡಿ ಹಾಕುತ್ತಿದ್ದವು. ಎಲುಬು ತಿಕ್ಕಿ ತೊಳೆದಂತೆ ಬೆಳ್ಳಗೆ. ಅದನ್ನು ಆರಿಸಿ ಗಾಡಿ ತುಂಬಿ ಎಲುಬಿನ ವ್ಯಾಪಾರಿಗೆ ಹಾಕಿದವರೂ ನಮ್ಮವರೇ. ಕೊಳೆತ ವಾಸನೆ ಕೇರಿಗೆ ಬರುವುದಕ್ಕೆ ಮೊದಲೇ ಎಲ್ಲ ಮುಗಿದಿರುತ್ತಿತ್ತು. ರಣಹದ್ದಿನ ಹೊಟ್ಟೆಯ ಹುಳಿ ಎಷ್ಟು ತೀಕ್ಷ್ಣವೆಂದರೆ ನೆರಡಿ ರೋಗದಿಂದ ಸತ್ತ ದನದ ಮಾಂಸವೂ ಅದಕ್ಕೆ ಜೀರ್ಣವಾಗುತ್ತದೆ. ಊರಿನ ರೋಗವನ್ನು ಅದು ತನ್ನ ಹೊಟ್ಟೆಯಲ್ಲೇ ಸುಟ್ಟುಬಿಡುತ್ತಿತ್ತು.

ಇಷ್ಟು ಮಾಡಿದ ಹಕ್ಕಿಗೆ ಊರು ಕೊಟ್ಟ ಮರ್ಯಾದೆ ಏನು? ಮನೆಯ ಮೇಲೆ ಕೂತರೆ ಅಪಶಕುನ. ಶಾಂತಿ ಮಾಡಿಸಬೇಕು, ಮನೆ ಬಿಡಬೇಕು. ಕಥೆಯಲ್ಲಿ ಬರುವ ಜಟಾಯುವಿಗೆ ಕೈಮುಗಿಯುವ ಜನ, ಕಣ್ಣೆದುರಿನ ಜಟಾಯುವಿಗೆ ಕಲ್ಲು ಬೀರಿದರು. ನಮಗೆ ಇದು ಹೊಸದಲ್ಲ. ಕೊಳೆ ತೆಗೆದವನೇ ಕೊಳಕ ಎಂಬ ನ್ಯಾಯ ಈ ದೇಶದಲ್ಲಿ ಮನುಷ್ಯನಿಗೂ ಒಂದೇ, ಹಕ್ಕಿಗೂ ಒಂದೇ.

೧೮೮೧ರಲ್ಲಿ ಬಟ್ಲರ್ ಎಂಬ ಬ್ರಿಟಿಷ್ ಸೈನ್ಯಾಧಿಕಾರಿ ದಖ್ಖನ್ ಮತ್ತು ದಕ್ಷಿಣ ಮರಾಠಾ ಪ್ರಾಂತದ ಹಕ್ಕಿಗಳ ಪಟ್ಟಿಯನ್ನು ಅಚ್ಚು ಹಾಕಿಸಿದ. ನಮ್ಮ ಸೀಮೆ ಆ ಪ್ರಾಂತದೊಳಗೆ ಬರುತ್ತದೆ. ಹಕ್ಕಿಗಳ ಪಟ್ಟಿಯಾದರೂ ಆಯಿತು. ಹಕ್ಕಿಗಳಿಗೆ ಅನ್ನ ಎಳೆದು ತಂದು ಹಾಕಿದ ಮನುಷ್ಯರ ಪಟ್ಟಿಯನ್ನು ಯಾರೂ ಮಾಡಲಿಲ್ಲ.

೨

ಆಮೇಲೆ ನಾವು ಆ ಬಯಲು ಬಿಟ್ಟೆವು. ಯಾರೋ ಬಿಡಿಸಿದ್ದಲ್ಲ, ನಾವೇ ಬಿಟ್ಟದ್ದು. ಇದು ನಮ್ಮ ಇತಿಹಾಸದ ದೊಡ್ಡ ಸಂಗತಿ.

ಈ ಬಿಡುಗಡೆಯ ಗಾಳಿ ಎದ್ದದ್ದು ನಮ್ಮ ಹಿತ್ತಲಲ್ಲೇ. ಕೊಲ್ಹಾಪುರದ ಶಾಹೂ ಮಹಾರಾಜರು ತಮ್ಮ ಸಂಸ್ಥಾನದಲ್ಲಿ ಮಹಾರ ವತನವನ್ನು ೧೯೧೮ರಲ್ಲೇ ಕಿತ್ತು ಹಾಕಿದರು. ೧೯೨೦ರ ಮಾರ್ಚ್ ೨೧, ೨೨ರಂದು ಕಾಗಲ್ ಜಹಗೀರಿನ ಮಾಣಗಾವಿಯಲ್ಲಿ ನಡೆದ ಅಸ್ಪೃಶ್ಯರ ಪರಿಷತ್ತಿಗೆ ಎಳೆಯ ಅಂಬೇಡ್ಕರರು ಅಧ್ಯಕ್ಷರು. ಶಾಹೂ ಮಹಾರಾಜರೇ ಬಂದು, ನಿಮ್ಮ ನಾಯಕ ನಿಮಗೆ ಸಿಕ್ಕಿದ್ದಾನೆ ಎಂಬ ಅರ್ಥದ ಮಾತಾಡಿ ಹೋದರು. ಐದು ವರ್ಷದ ಮೇಲೆ, ೧೯೨೫ರ ಏಪ್ರಿಲ್ ೧೦, ೧೧ರಂದು ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತಿನ ಮೂರನೆಯ ಅಧಿವೇಶನ ನಡೆದದ್ದು ನಮ್ಮ ನಿಪ್ಪಾಣಿಯಲ್ಲಿ. ಅಂಬೇಡ್ಕರರೇ ಅಧ್ಯಕ್ಷರು. ಮಹಾಡದ ಕೆರೆಯ ನೀರಿಗೆ ಕೈಹಾಕುವುದಕ್ಕೆ ಎರಡು ವರ್ಷ ಮೊದಲು ಅವರು ನಮ್ಮ ಮಣ್ಣಿನಲ್ಲಿ ನಿಂತು ಮಾತಾಡಿದ್ದರು. ಮುಂದೆ ಅವರ ಒಡನಾಡಿಯಾಗಿ ಧಾರವಾಡದ ಬೋರ್ಡಿಂಗ್ ನಡೆಸಿದ ಬಳವಂತರಾವ ವರಾಳೆಯವರು ಇದೇ ನಿಪ್ಪಾಣಿಯ ಮನುಷ್ಯ. ನಮ್ಮ ಮಕ್ಕಳ ಪಠ್ಯಪುಸ್ತಕದಲ್ಲಿ ಇದೆಲ್ಲ ಎಷ್ಟು ಸಾಲು ಬರುತ್ತದೆ, ಮಾಸ್ತರರೇ ಹೇಳಲಿ.

೧೯೨೭ರ ಮಾರ್ಚ್ ೧೯, ೨೦ರಂದು ಮಹಾಡದಲ್ಲಿ ಅಂಬೇಡ್ಕರರು ಹೇಳಿದ ಮಾತುಗಳಲ್ಲಿ ಒಂದು, ಸತ್ತ ದನದ ಮಾಂಸ ತಿನ್ನುವುದು ಬಿಡಿ ಎಂಬುದು. ೧೯೨೮ರಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ವತನ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದರು. ಆ ಮಸೂದೆ ಗೆಲ್ಲಲಿಲ್ಲ, ಆದರೆ ಮಾತು ಗೆದ್ದಿತು. ಊರೂರಲ್ಲಿ ನಮ್ಮ ಹಿರಿಯರು ಸಭೆ ಸೇರಿದರು, ಆಣೆ ಹಾಕಿದರು: ಇನ್ನು ಸತ್ತ ದನ ಎಳೆಯುವುದಿಲ್ಲ, ತಿನ್ನುವುದಿಲ್ಲ. ಊರು ಸುಮ್ಮನೆ ಬಿಟ್ಟೀತೇ? ಬಾವಿ ಬಂದ್, ಅಂಗಡಿ ಬಂದ್, ಕೂಲಿ ಬಂದ್. ಬಹಿಷ್ಕಾರ ಹಾಕಿದ ಊರುಗಳು ಎಷ್ಟೋ. ಮೇಲ್ಜಾತಿಯ ಪಂಡಿತರಿಗೆ ಆಗ ಒಮ್ಮೆಲೇ ನಮ್ಮ ಮೇಲೆ ಪ್ರೀತಿ ಉಕ್ಕಿತು. ತೊಗಲು, ಎಲುಬು, ಕೊಂಬು, ಕೊಬ್ಬು ಸೇರಿ ವರ್ಷಕ್ಕೆ ಇಷ್ಟು ರೂಪಾಯಿ ಆದಾಯ, ಅಂಬೇಡ್ಕರರ ಮಾತು ಕೇಳಿ ಈ ಬಡವರು ನಷ್ಟ ಮಾಡಿಕೊಳ್ಳುತ್ತಿದ್ದಾರೆ ಎಂದು ಪತ್ರಿಕೆಯಲ್ಲಿ ಲೆಕ್ಕ ಬರೆದರು. ೧೯೫೬ರ ಅಕ್ಟೋಬರ್ ೧೫ರಂದು, ದೀಕ್ಷೆಯ ಮರುದಿನ, ನಾಗಪುರದಲ್ಲಿ ಬಾಬಾಸಾಹೇಬರು ಈ ಹಳೆಯ ವಾದವನ್ನು ನೆನಪಿಸಿ ನಗೆಯಾಡಿದರು. ಅಷ್ಟು ಲಾಭವಿದ್ದರೆ ನೀವೇ ಮಾಡಿ, ಬೇಕಾದರೆ ನಾನೇ ಇನಾಮು ಕೊಡುತ್ತೇನೆ ಎಂಬುದು ಅವರ ಉತ್ತರದ ತಿರುಳು. ಆ ಇನಾಮು ಪಡೆಯಲು ಯಾರೂ ಮುಂದೆ ಬರಲಿಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಅದೇ ೧೯೫೬ರಲ್ಲಿ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಬಂತು. ಹಾಗಾಗಿ ಮುಂಬಯಿ ಸರಕಾರ ೧೯೫೮ರಲ್ಲಿ ಮಾಡಿದ ಕನಿಷ್ಠ ವತನ ರದ್ದತಿ ಕಾಯ್ದೆ ನಮಗೆ ಅನ್ವಯಿಸಲಿಲ್ಲ. ಇಲ್ಲಿ ೧೯೬೧ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬಂತು. ವತನ ಹೋಯಿತು, ಭೂಮಿ ಮರುಮಂಜೂರಿ ಆಗಬೇಕಿತ್ತು. ಕಾಗದ ಓದಲು ಬಾರದವನ ಭೂಮಿ ಕಾಗದದಲ್ಲೇ ಕೈತಪ್ಪುವುದು ಹೇಗೆ ಎಂದು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನೆಲ್ಲ ಇಲ್ಲಿ ಯಾಕೆ ನೆನೆದೆವೆಂದರೆ, ಮುಂದೆ ರಣಹದ್ದಿನ ಮಾತು ಬಂದಾಗ ಕೆಲವು ನಿಸರ್ಗಪ್ರೇಮಿಗಳು ಹಳೆಯ ಹಳ್ಳಿ ಎಷ್ಟು ಚೆಂದಿತ್ತು, ಎಲ್ಲಕ್ಕೂ ಒಂದು ವ್ಯವಸ್ಥೆ ಇತ್ತು ಎಂದು ಕಣ್ಣೀರು ಹಾಕುತ್ತಾರೆ. ಇತ್ತು ಸ್ವಾಮಿ, ವ್ಯವಸ್ಥೆ ಇತ್ತು. ಆ ವ್ಯವಸ್ಥೆಯ ಹಗ್ಗ ಯಾರ ಹೆಗಲ ಮೇಲಿತ್ತು ಎಂದು ಮೊದಲು ಹೇಳಿ, ಆಮೇಲೆ ಅಳಿ.

೩

ನಾವು ಬಿಟ್ಟ ಮೇಲೂ ದನಗಳು ಸಾಯುವುದು ಬಿಡಲಿಲ್ಲ, ರಣಹದ್ದು ಬರುವುದೂ ಬಿಡಲಿಲ್ಲ. ಬೇರೆ ಗತಿಯಿಲ್ಲದ ನಮ್ಮವರೇ ಕೆಲವರು ಎಳೆಯುವುದನ್ನು ಮುಂದುವರಿಸಿದರು. ಕೆಲವು ಊರಲ್ಲಿ ದನದ ಧಣಿಯೇ ಗಾಡಿಗೆ ಕಟ್ಟಿ ಹಳ್ಳಕ್ಕೆ ಎಸೆದು ಬಂದ. ಹೇಗೋ ಬಯಲು ನಡೆದಿತ್ತು.

ಅಷ್ಟರಲ್ಲಿ ನಮ್ಮ ಹೊಲಗಳ ಬಣ್ಣ ಬದಲಾಯಿತು. ಜೋಳ ಹೋಗಿ ಕಬ್ಬು ಬಂತು. ಸಕ್ಕರೆ ಕಾರ್ಖಾನೆಯ ಹಂಗಾಮಿನಲ್ಲಿ ಹೇರು ತುಂಬಿದ ಗಾಡಿ ಎಳೆಯುವ ಎತ್ತುಗಳ ಹೆಗಲು ಬಾವು, ಕಾಲು ಬಾವು. ಜರ್ಸಿ ಆಕಳು ಬಂತು, ಕೆಚ್ಚಲು ಬಾವು ಬಂತು. ದನಕ್ಕೆ ನೋವಾದರೆ ಒಂದು ದಿನದ ಬಾಡಿಗೆ ಹೋಗುತ್ತದೆ, ಒಂದು ಹೊತ್ತಿನ ಹಾಲು ಹೋಗುತ್ತದೆ. ಸಾಲದಲ್ಲಿರುವ ರೈತನಿಗೆ ಅದು ತಡೆಯಲಾರದ ಪೆಟ್ಟು. ಆಗ ಬಂದದ್ದು ನೋವಿಳಿಸುವ ಸೂಜಿ. ಅದರ ಹೆಸರು ಡೈಕ್ಲೊಫೆನಾಕ್. ಮನುಷ್ಯರಿಗೆಂದು ೧೯೭೦ರ ದಶಕದಲ್ಲಿ ಬಂದ ಔಷಧ. ಪೇಟೆಂಟಿನ ಗಡುವು ಮುಗಿದು, ೧೯೯೦ರ ದಶಕದ ಆರಂಭದಲ್ಲಿ ಇಂಡಿಯಾದ ಕಂಪನಿಗಳು ಅಗ್ಗದಲ್ಲಿ ಮಾಡತೊಡಗಿದ ಮೇಲೆ ದನದ ಡಾಕ್ಟರರ ಚೀಲದಲ್ಲೂ ಬಂತು, ಡಾಕ್ಟರನಲ್ಲದವರ ಚೀಲದಲ್ಲೂ ಬಂತು. ಸೂಜಿ ಹಾಕಿದ ಮರುದಿನ ಎತ್ತು ಎದ್ದು ನಿಲ್ಲುತ್ತಿತ್ತು. ರೈತನನ್ನು ಯಾಕೆ ದೂರಬೇಕು? ಎದ್ದು ನಿಂತದ್ದನ್ನು ಅವನು ಕಂಡ. ಅದರಾಚೆಗಿನದನ್ನು ಅವನಿಗೆ ಹೇಳಬೇಕಾದವರು ಹೇಳಲಿಲ್ಲ.

ಆ ಔಷಧ ದನದ ಮೈಯಲ್ಲಿ ಕೆಲವೇ ದಿನ ಇರುತ್ತದೆ, ಆಮೇಲೆ ಹೊರಗೆ ಹೋಗುತ್ತದೆ. ಆದರೆ ಸಾಯುವ ದನಕ್ಕೇ ಅಲ್ಲವೇ ಕೊನೆಯ ಆಸೆಗೆ ಸೂಜಿ ಹಾಕಿಸುವುದು? ಸೂಜಿ ಹಾಕಿಸಿದ ಮರುದಿನ, ಮೂರನೇ ದಿನ ಸತ್ತ ದನದ ಮಾಂಸದಲ್ಲಿ ಅದು ಹಾಗೇ ಉಳಿಯಿತು. ಬಯಲಿಗೆ ಬಿತ್ತು. ರಣಹದ್ದು ಇಳಿಯಿತು. ಎಂಥೆಂಥ ರೋಗವನ್ನು ಅರಗಿಸಿಕೊಂಡ ಹೊಟ್ಟೆ ಈ ಕಂಪನಿ ಮಾಲನ್ನು ಅರಗಿಸಿಕೊಳ್ಳಲಿಲ್ಲ. ಹಕ್ಕಿಗಳು ನಮ್ಮ ಹಾಗೆ ನೀರಾಗಿ ಮೂತ್ರ ಮಾಡುವುದಿಲ್ಲ. ರಕ್ತದ ಕಶ್ಮಲವನ್ನು ಯೂರಿಕ್ ಆಮ್ಲವಾಗಿ, ಬಿಳಿ ಹಿಟ್ಟಿನಂತೆ ಹೊರಹಾಕುತ್ತವೆ. ಡೈಕ್ಲೊಫೆನಾಕ್ ರಣಹದ್ದಿನ ಮೂತ್ರಪಿಂಡವನ್ನು ಕೊಲ್ಲುತ್ತದೆ. ಹೊರಗೆ ಹೋಗಬೇಕಾದ ಆಮ್ಲ ಒಳಗೇ ನಿಂತು, ಕರುಳು, ಯಕೃತ್ತು, ಹೃದಯಗಳ ಮೇಲೆ ಸುಣ್ಣ ಬಳಿದಂತೆ ಹರಳುಗಟ್ಟುತ್ತದೆ. ತಿಂದ ಕೆಲವೇ ದಿನಗಳಲ್ಲಿ ಕುತ್ತಿಗೆ ಜೋಲಿ ಹಾಕಿ, ಕೊಂಬೆಯ ಮೇಲೆ ಕೂತಲ್ಲೇ ಕೂತು, ಕೆಳಗೆ ಬೀಳುತ್ತದೆ.

ರಾಜಸ್ಥಾನದ ಭರತಪುರದ ಪಕ್ಷಿಧಾಮದಲ್ಲಿ ವಿಭು ಪ್ರಕಾಶ್ ಎಂಬ ವಿಜ್ಞಾನಿ ಇದನ್ನು ಮೊದಲು ಗಮನಿಸಿದರು. ೧೯೮೦ರ ದಶಕದಲ್ಲಿ ನೂರಾರು ಗೂಡುಗಳಿದ್ದ ಕಡೆ ಹತ್ತು ಹನ್ನೆರಡು ವರ್ಷದಲ್ಲಿ ಗೂಡುಗಳು ಬರಿದಾಗಿದ್ದವು. ಮೊದಲು ಏನೋ ಸಾಂಕ್ರಾಮಿಕ ರೋಗವೆಂದುಕೊಂಡರು. ೨೦೦೪ರಲ್ಲಿ ಲಿಂಡ್ಸೆ ಓಕ್ಸ್ ಮತ್ತು ಜೊತೆಗಾರರು ಪಾಕಿಸ್ತಾನದಲ್ಲಿ ಸತ್ತ ರಣಹದ್ದುಗಳನ್ನು ಕೊಯ್ದು ನೋಡಿ ನಿಜವಾದ ಕೊಲೆಗಾರನನ್ನು ಹಿಡಿದರು. ಇಂಡಿಯಾದಲ್ಲಿ ಆಗ ಸತ್ತ ದನಗಳನ್ನು ಪರೀಕ್ಷಿಸಿದರೆ ನೂರಕ್ಕೆ ಸುಮಾರು ಹತ್ತರಲ್ಲಿ ಈ ಔಷಧ ಸಿಕ್ಕಿತು. ನೂರಕ್ಕೆ ಒಂದಕ್ಕಿಂತ ಕಡಿಮೆ ದನಗಳಲ್ಲಿ ಇದ್ದರೂ ಸಾಕು, ಇಡೀ ಸಂತತಿ ನಾಶವಾಗುತ್ತದೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದರು. ಯಾಕೆಂದರೆ ಒಂದು ದನದ ಮೇಲೆ ಇಳಿಯುವುದು ಒಂದು ಹಕ್ಕಿಯಲ್ಲ, ಒಂದು ದಂಡು. ವರ್ಷಕ್ಕೆ ಒಂದೇ ಮೊಟ್ಟೆ ಇಡುವ, ಮೊಟ್ಟೆಯಿಡಲು ಐದು ವರ್ಷ ಬೆಳೆಯಬೇಕಾದ ಹಕ್ಕಿ ಈ ಪೆಟ್ಟು ತಾಳಲಿಲ್ಲ. ೧೯೯೨ರಿಂದ ೨೦೦೭ರೊಳಗೆ ದೇಶದ ಬಿಳಿಬೆನ್ನಿನ ರಣಹದ್ದುಗಳಲ್ಲಿ ೧೦೦೦ಕ್ಕೆ ೯೯೯ ಇಲ್ಲವಾದವು. ಉದ್ದಕೊಕ್ಕಿನವು ನೂರಕ್ಕೆ ೯೭ ಇಲ್ಲವಾದವು. ನಮ್ಮ ಕಡೆಯ ಮುಗಿಲು ಖಾಲಿಯಾದದ್ದೂ ಇದೇ ವರ್ಷಗಳಲ್ಲಿ. ಬಂದೂಕಿನ ಸದ್ದಾಗಲಿಲ್ಲ, ಹೊಗೆ ಏಳಲಿಲ್ಲ, ಪತ್ರಿಕೆಯಲ್ಲಿ ಬರಲಿಲ್ಲ. ಒಂದು ವರ್ಷ ಕಡಿಮೆ ಬಂದವು, ಇನ್ನೊಂದು ವರ್ಷ ಬರಲೇ ಇಲ್ಲ. ಬಯಲಿಗೆ ಬೆನ್ನು ಹಾಕಿದ್ದ ನಾವೂ ಎಷ್ಟೋ ದಿನ ತಲೆಯೆತ್ತಿ ನೋಡಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

೪

ಕಣ್ಣಿಗೆ ಕಾಣದ ವಿಷಕ್ಕೆ ಹಕ್ಕಿ ಮೊದಲು ಸಾಕ್ಷಿಯಾಗುವುದು ನಮ್ಮಲ್ಲಿ ಮಾತ್ರವಲ್ಲ. ೧೯೮೬ರ ಏಪ್ರಿಲ್ ೨೬ರಂದು ಸೋವಿಯತ್ ಉಕ್ರೇನಿನ ಚೆರ್ನೋಬಿಲ್‌ನಲ್ಲಿ ಅಣು ಸ್ಥಾವರ ಸಿಡಿಯಿತು. ವಿಕಿರಣ ಎಂಬುದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಗಾಲದಲ್ಲಿ ನಮ್ಮ ಕಬ್ಬಿನ ಹೊಲದ ಮೇಲಿನ ಕರೆಂಟ್ ತಂತಿಯಲ್ಲಿ ಸಾಲಾಗಿ ಕೂರುವ ಕವಲುಬಾಲದ ಪುಟ್ಟ ಹಕ್ಕಿ ಇದೆಯಲ್ಲ, ಅದೇ ಜಾತಿಯ ಹಕ್ಕಿ ಚೆರ್ನೋಬಿಲ್‌ನ ಕೊಟ್ಟಿಗೆಗಳಲ್ಲೂ ಗೂಡು ಕಟ್ಟುತ್ತದೆ. ಆ ಕಡೆಯವು ಚಳಿಗಾಲಕ್ಕೆ ಆಫ್ರಿಕಕ್ಕೆ ಹೋಗುತ್ತವೆ. ಆ ಹಕ್ಕಿಗಳನ್ನು ಆಂಡರ್ಸ್ ಮೊಲ್ಲರ್, ಟಿಮೊಥಿ ಮೂಸೊ ಎಂಬ ವಿಜ್ಞಾನಿಗಳು ವರ್ಷಗಟ್ಟಲೆ ಹಿಡಿದು ನೋಡಿದರು. ಕೆಂಪಿರಬೇಕಾದ ಗಂಟಲಲ್ಲಿ ಬಿಳಿ ಗರಿ, ಕಣ್ಣಿನಲ್ಲಿ ಪೊರೆ, ಗಂಡು ಹಕ್ಕಿಗಳ ವೀರ್ಯದಲ್ಲಿ ದೋಷ, ವಿಕಿರಣ ಹೆಚ್ಚಿದ್ದ ಕಡೆ ಹಕ್ಕಿಗಳ ಮಿದುಳೇ ಚಿಕ್ಕದು, ಸಂಖ್ಯೆಯೂ ಕಡಿಮೆ ಎಂದು ವರದಿ ಮಾಡಿದರು. ಇವರ ಲೆಕ್ಕದ ವಿಧಾನವನ್ನು ಪ್ರಶ್ನಿಸಿದ ವಿಜ್ಞಾನಿಗಳೂ ಇದ್ದಾರೆ, ಆ ವಾದ ನಡೆದೇ ಇದೆ. ನಮ್ಮ ಗಮನ ಸೆಳೆದದ್ದು ಇನ್ನೊಂದು ಸಂಗತಿ. ಚೆರ್ನೋಬಿಲ್‌ನ ಕೊಳೆ ತೆಗೆಯಲು ಆರು ಲಕ್ಷದಷ್ಟು ಸೈನಿಕರನ್ನು, ಕೂಲಿಗಳನ್ನು ಇಳಿಸಿದರು. ಯಂತ್ರಗಳೇ ಕೆಟ್ಟು ನಿಂತ ಸ್ಥಾವರದ ಮಾಳಿಗೆಯ ಮೇಲೆ ಮನುಷ್ಯರ ಕೈಗೆ ಸಲಿಕೆ ಕೊಟ್ಟು ಹತ್ತಿಸಿದರು. ಸಮಾಜವಾದಿ ದೇಶವಾದರೇನು, ವಿಷ ಮಾಡಿದವರು ಬೇರೆ, ಎತ್ತಿದವರು ಬೇರೆ.

ನಮ್ಮ ನೆರೆಯ ಜಿಲ್ಲೆ ಉತ್ತರ ಕನ್ನಡದ ಕೈಗಾದಲ್ಲಿ ಅಣು ಸ್ಥಾವರ ಬಂದಾಗ ಶಿವರಾಮ ಕಾರಂತರು ವಿರೋಧಿಸಿ ೧೯೮೯ರಲ್ಲಿ ಲೋಕಸಭೆಗೇ ನಿಂತರು, ಸೋತರು. ೧೯೯೪ರ ಮೇ ೧೩ರಂದು ಕಟ್ಟುತ್ತಿದ್ದ ಗುಮ್ಮಟವೇ ಕುಸಿಯಿತು. ಆಗಿನ್ನೂ ಅಣು ಇಂಧನ ತುಂಬಿರಲಿಲ್ಲ ಎಂಬುದೊಂದು ಪುಣ್ಯ. ೨೦೦೯ರ ನವೆಂಬರಿನಲ್ಲಿ ಅಲ್ಲಿಯ ಕೆಲಸಗಾರರು ಕುಡಿಯುವ ನೀರಿನಲ್ಲಿ ಟ್ರಿಶಿಯಂ ಬೆರೆತದ್ದು ಗೊತ್ತಾಯಿತು. ಐವತ್ತಕ್ಕೂ ಹೆಚ್ಚು ಕೆಲಸಗಾರರ ಮೂತ್ರದಲ್ಲಿ ಅದು ಸಿಕ್ಕಿತು. ಕಣ್ಣಿಗೆ ಕಾಣದ ವಿಷವನ್ನು ಅಳೆಯುವ ಯಂತ್ರ ಯಾವಾಗಲೂ ಮೇಲಿನವರ ಕೈಯಲ್ಲಿರುತ್ತದೆ. ಕೆಳಗಿನವರಿಗೆ ಇರುವ ಯಂತ್ರ ತಮ್ಮ ಮೈ ಒಂದೇ. ಆಮೇಲೆ ಹಕ್ಕಿ.

೫

ರಣಹದ್ದು ಹೋಯಿತು. ಸತ್ತ ದನ ಬಯಲಿನಲ್ಲೇ ಉಳಿಯಿತು. ಹಾಗಾದರೆ ಆ ಮಾಂಸ ಎಲ್ಲಿಗೆ ಹೋಯಿತು?

ನಾಯಿಗಳ ಹೊಟ್ಟೆಗೆ ಹೋಯಿತು. ರಣಹದ್ದು ಮುಕ್ಕಾಲು ತಾಸಿನಲ್ಲಿ ಮುಗಿಸುತ್ತಿದ್ದುದನ್ನು ನಾಯಿಗಳು ವಾರಗಟ್ಟಲೆ ಎಳೆದಾಡಿದವು. ಅರ್ಧ ಕೊಳೆತದ್ದು ಮಳೆಗೆ ಹಳ್ಳ ಸೇರಿತು. ೨೦೦೮ರಲ್ಲಿ ಅನಿಲ್ ಮಾರ್ಕಂಡ್ಯ ಮತ್ತು ಸಂಗಡಿಗರು ಮಾಡಿದ ಲೆಕ್ಕದ ಪ್ರಕಾರ ರಣಹದ್ದು ಅಳಿದ ಅವಧಿಯಲ್ಲಿ ದೇಶದಲ್ಲಿ ನಾಯಿಗಳ ಸಂಖ್ಯೆ ೫೫ ಲಕ್ಷದಷ್ಟು ಏರಿತು, ಹುಚ್ಚುನಾಯಿ ಕಡಿತದಿಂದ ಸುಮಾರು ೪೭ ಸಾವಿರ ಜನ ಹೆಚ್ಚುವರಿಯಾಗಿ ಸತ್ತರು. ೨೦೨೪ರಲ್ಲಿ ಇಯಾಲ್ ಫ್ರಾಂಕ್, ಅನಂತ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರು ಇನ್ನೂ ದೊಡ್ಡ ಲೆಕ್ಕ ಕೊಟ್ಟರು. ರಣಹದ್ದು ಮೊದಲು ಹೆಚ್ಚಾಗಿದ್ದ ಜಿಲ್ಲೆಗಳನ್ನೂ ಇಲ್ಲದ ಜಿಲ್ಲೆಗಳನ್ನೂ ಹೋಲಿಸಿ ನೋಡಿದರು. ಇದ್ದು ಹೋದ ಜಿಲ್ಲೆಗಳಲ್ಲಿ ಮನುಷ್ಯರ ಸಾವಿನ ಪ್ರಮಾಣ ನೂರಕ್ಕೆ ನಾಲ್ಕಕ್ಕೂ ಹೆಚ್ಚು ಏರಿತ್ತು. ೨೦೦೦ದಿಂದ ೨೦೦೫ರವರೆಗೆ ಐದು ಲಕ್ಷ ಹೆಚ್ಚುವರಿ ಸಾವು ಎಂದು ಅವರ ಅಂದಾಜು. ನಾಯಿ, ಕೆಟ್ಟ ನೀರು, ಹರಡಿದ ರೋಗ, ಎಲ್ಲ ಸೇರಿ.

ಐದು ಲಕ್ಷ! ಯಾವ ಯುದ್ಧದಲ್ಲಿ ಇಷ್ಟು ಜನ ಸತ್ತರೆ ಕಲ್ಲು ನಿಲ್ಲಿಸುವುದಿಲ್ಲ?

ಆ ಐದು ಲಕ್ಷದಲ್ಲಿ ಯಾವ ಜಾತಿಯವರು ಎಷ್ಟು ಎಂದು ಆ ಲೆಕ್ಕದಲ್ಲಿ ಬರೆದಿಲ್ಲ. ಆದರೆ ಸತ್ತ ದನದ ಬಯಲಿನ ಪಕ್ಕ ಯಾರ ಮನೆ ಇವೆ ಎಂದು ನಮಗೆ ಗೊತ್ತು. ಆ ಬಯಲಿನ ಕೆಳಗಿನ ಹಳ್ಳದಲ್ಲಿ ಯಾರು ನೀರು ತುಂಬುತ್ತಿದ್ದರು ಎಂದು ಗೊತ್ತು. ಬಾಗಿಲಿಲ್ಲದ ಮನೆ, ಬೆಳಗಿನ ಜಾವ ಬಯಲಕಡೆಗೆ ಹೋಗುವ ಹೆಂಗಸರು, ಬರಿಗಾಲಲ್ಲಿ ಶಾಲೆಗೆ ಹೋಗುವ ಮಕ್ಕಳು. ನಾಯಿಗೆ ಜಾತಿ ಗೊತ್ತಿಲ್ಲ ಅಂತಾರ. ಗೊತ್ತಿರಲಿಕ್ಕಿಲ್ಲ. ಆದರೆ ನಾಯಿ ಎಲ್ಲಿ ಗುಂಪುಗೂಡಬೇಕು ಎಂಬುದನ್ನು ಜಾತಿ ಮೊದಲೇ ಗೊತ್ತು ಮಾಡಿಟ್ಟಿತ್ತು. ಕಡಿಸಿಕೊಂಡ ಮೇಲೆ ಸೂಜಿಗೆ ತಾಲೂಕಿನ ಊರಿಗೆ ಹೋಗಬೇಕು. ಒಮ್ಮೆ ಹೋದರೆ ಸಾಲದು, ನಾಲ್ಕೈದು ಸಲ ಹೋಗಬೇಕು. ಪ್ರತಿ ಸಲವೂ ಒಂದು ದಿನದ ಕೂಲಿ ಹೋಗುತ್ತದೆ. ಖಾರ ಹಚ್ಚಿ, ಸುಣ್ಣ ಹಚ್ಚಿ ಮನೆಯಲ್ಲೇ ಉಳಿದವರನ್ನು ನಾವು ಕಂಡಿದ್ದೇವೆ. ನೀರು ಕಂಡರೆ ಹೆದರುವ ಆ ಸಾವನ್ನು ಒಮ್ಮೆ ನೋಡಿದವರು ಜೀವಮಾನದಲ್ಲಿ ಮರೆಯಲಾರರು.

ಇನ್ನೂ ಸುಲಿಯುವ ಕೆಲಸದಲ್ಲೇ ಉಳಿದವರ ಗತಿ? ೨೦೦೨ರ ಅಕ್ಟೋಬರ್ ೧೫ರಂದು ಹರಿಯಾಣದ ಝಜ್ಜರಿನ ದುಲೀನಾದಲ್ಲಿ, ದನದ ತೊಗಲಿನ ವಿಚಾರದಲ್ಲಿ ಐವರು ದಲಿತರನ್ನು ಪೊಲೀಸ್ ಚೌಕಿಯ ಎದುರೇ ಬಡಿದು ಕೊಂದರು. ೨೦೧೬ರ ಜುಲೈ ೧೧ರಂದು ಗುಜರಾತಿನ ಊನಾ ಹತ್ತಿರ ಸತ್ತ ಆಕಳು ಸುಲಿಯುತ್ತಿದ್ದವರನ್ನು ಕಟ್ಟಿ ಹೊಡೆದರು. ಆಗ ಗುಜರಾತಿನ ನಮ್ಮ ಜನ ಸುರೇಂದ್ರನಗರದಲ್ಲಿ ಸತ್ತ ದನಗಳನ್ನು ತಂದು ಸರಕಾರಿ ಕಚೇರಿಯ ಮುಂದೆ ಸುರಿದರು. ನಿಮ್ಮ ತಾಯಿ, ನೀವೇ ಮಣ್ಣು ಮಾಡಿ ಎಂದರು. ಮಹಾಡದ ಮಾತು ತೊಂಬತ್ತು ವರ್ಷದ ಮೇಲೆ ಗುಜರಾತಿನಲ್ಲಿ ಮತ್ತೆ ಎದ್ದು ನಿಂತಿತು.

೬

ಸರಕಾರ ಏನು ಮಾಡಿ‌ತು ಎಂಬುದನ್ನೂ ಹೇಳಿಬಿಡೋಣ. ೨೦೦೬ರಲ್ಲಿ ದನಗಳಿಗೆ ಡೈಕ್ಲೊಫೆನಾಕ್ ನಿಷೇಧವಾಯಿತು. ಆದರೆ ಮನುಷ್ಯರ ಸೂಜಿಯ ದೊಡ್ಡ ಸೀಸೆ ಅಂಗಡಿಯಲ್ಲಿತ್ತು, ಅದನ್ನೇ ದನಕ್ಕೆ ಹಾಕಿದರು. ಆ ದೊಡ್ಡ ಸೀಸೆ ನಿಲ್ಲಿಸಿ ೩ ಮಿಲಿಲೀಟರಿನ ಚಿಕ್ಕ ಸೀಸೆ ಮಾತ್ರ ಮಾರಬೇಕೆಂಬ ಆಜ್ಞೆ ಬರಲು ೨೦೧೫ ಆಯಿತು. ಅಷ್ಟರಲ್ಲಿ ಅಂಥದೇ ವಿಷದ ಬೇರೆ ಔಷಧಗಳು ಬಂದಿದ್ದವು. ೨೦೨೩ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್, ೨೦೨೪ರ ಕೊನೆಗೆ ನಿಮೆಸುಲೈಡ್ ನಿಷೇಧವಾದವು. ರಣಹದ್ದಿಗೆ ತೊಂದರೆ ಮಾಡದ ಮೆಲಾಕ್ಸಿಕ್ಯಾಮ್ ಎಂಬ ನೋವಿನ ಔಷಧ ಇದೆ ಎಂಬುದು ೨೦೦೬ರಲ್ಲೇ ಗೊತ್ತಿತ್ತು. ಹರಿಯಾಣದ ಪಿಂಜೋರಿನಲ್ಲಿ ರಣಹದ್ದು ಸಾಕಿ ಮರಿ ಮಾಡಿಸುವ ಕೇಂದ್ರ ನಡೆದಿದೆ. ನಮ್ಮ ರಾಜ್ಯದಲ್ಲಿ ೨೦೧೨ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದುಗಳ ಧಾಮ ಎಂದು ಘೋಷಿಸಿದರು. ಬೇಲಿ ಹಾಕಿದರು, ಬೋರ್ಡು ಹಾಕಿದರು.

ಒಳ್ಳೆಯದೇ. ಹಕ್ಕಿ ಉಳಿಯಲಿ. ನಾವು ರಣಹದ್ದಿನ ವೈರಿಗಳಲ್ಲ, ಅದರ ಹಳೆಯ ಜೊತೆ ಕೆಲಸಗಾರರು. ಅದು ತಿರುಗಿ ಬರಲಿ ಎಂದು ನಮಗಿಂತ ಹೆಚ್ಚು ಬಯಸುವವರು ಯಾರಿದ್ದಾರೆ? ಆದರೆ ಅದಕ್ಕೆ ಊಟ ಹಾಕಲು ನಾವು ಮತ್ತೆ ಹಗ್ಗ ಹಿಡಿಯುವುದಿಲ್ಲ. ಇದೊಂದು ಮಾತು ಸ್ಪಷ್ಟವಿರಲಿ.

ಸತ್ತ ದನ ಸಾಗಿಸುವುದು ಪಂಚಾಯತಿಯ ಕೆಲಸ, ಪುರಸಭೆಯ ಕೆಲಸ. ಅದಕ್ಕೆ ಗಾಡಿ ಬೇಕು, ಯಂತ್ರ ಬೇಕು, ಕೈಗವಸು, ಬೂಟು ಬೇಕು. ಯಾವ ಜಾತಿಯವನು ಮಾಡಿದರೂ ಅವನಿಗೆ ಕಾಯಂ ಪಗಾರ ಬೇಕು. ಔಷಧವಿಲ್ಲದ ದನವನ್ನು ಹಕ್ಕಿಗೆ, ಔಷಧವಿದ್ದದ್ದನ್ನು ಮಣ್ಣಿಗೆ ಹಾಕುವ ವ್ಯವಸ್ಥೆ ಬೇಕು. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾಯಿ ಕಡಿತದ ಸೂಜಿ ಇರಬೇಕು. ದನದ ದವಾಖಾನೆಯಲ್ಲಿ ಯಾವ ಸೂಜಿ ಹಾಕುತ್ತಿದ್ದಾರೆ ಎಂದು ಸೀಸೆ ನೋಡಿ ಕೇಳುವ ಧೈರ್ಯ ನಮ್ಮ ಹುಡುಗರಿಗೆ ಬರಬೇಕು. ಎಲುಬಿನ ಹೆಸರಿನ ಹೊಲಗಳು ಯಾರ ಉತಾರದಲ್ಲಿವೆ ಎಂದು ತಹಸೀಲ್ದಾರ ಕಚೇರಿಗೆ ಹೋಗಿ ನೋಡಬೇಕು. ೧೯೭೮ರ ಭೂಮಿ ಪರಭಾರೆ ನಿಷೇಧ ಕಾಯ್ದೆ ಪುಸ್ತಕದಲ್ಲಿ ಮಲಗಲು ಹುಟ್ಟಿದ್ದಲ್ಲ.

ಹಳ್ಳಿಯ ಮಾಸ್ತರರಲ್ಲಿ, ಅಕ್ಕೋರರಲ್ಲಿ ಒಂದು ಬೇಡಿಕೆ. ಮಕ್ಕಳನ್ನು ಕೇರಿಗೆ ಕಳಿಸಿ. ಎಪ್ಪತ್ತು ದಾಟಿದ ಅಜ್ಜ ಅಮ್ಮಂದಿರನ್ನು ಕೇಳಿಸಿ: ಬಯಲು ಎಲ್ಲಿತ್ತು? ಹದ್ದು ಯಾವ ಮರದ ಮೇಲೆ ಕೂರುತ್ತಿದ್ದವು? ಆ ಮರ ಈಗ ಇದೆಯೇ? ಕಡೆಯ ಸಲ ಯಾವ ಬರಗಾಲದಲ್ಲಿ ಕಂಡಿರಿ? ಸತ್ತ ದನ ಎಳೆಯುವುದಿಲ್ಲ ಎಂದು ನಮ್ಮೂರಲ್ಲಿ ಮೊದಲು ಹೇಳಿದವರು ಯಾರು? ಊರು ಅವರಿಗೆ ಏನು ಮಾಡಿತು? ಬರೆದುಕೊಂಡು ಬರಲಿ, ಪಾಟಿಯ ಮೇಲಾದರೂ ಸರಿ, ನೋಟುಬುಕ್ಕಿನಲ್ಲಾದರೂ ಸರಿ. ಬಟ್ಲರ್ ಸಾಹೇಬ ಹಕ್ಕಿಗಳ ಪಟ್ಟಿ ಮಾಡಿ ಹೋಗಿ ನೂರಾ ನಲವತ್ತು ವರ್ಷ ದಾಟಿತು. ಇನ್ನೊಂದು ಪಟ್ಟಿ ಬಾಕಿ ಇದೆ. ಅದನ್ನು ಹೇಳಬಲ್ಲವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ.